ಭಯಕ್ಕೆ ಕುಡಿತ, ಕುಡಿತದಿಂದ ಭಯ: ಓದುಗರ ಪ್ರಶ್ನೆ, ಮನೋವಿಜ್ಞಾನಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು. ಏನೋ ಆಗಬಾರದ್ದು ಆಗಿದೆ, ಭಯ ಉಳಿದುಬಿಟ್ಟಿದೆ, ಅದನ್ನು ತಡೆಯಲು ಕುಡಿತವೋ ಮಾತ್ರೆಯೋ ಸಿಗರೇಟೋ ಜೊತೆಯಾಗಿದೆ. ಪತ್ರ ಬರೆದವರ ಹೆಸರು, ಊರು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಎರಡು ವರ್ಷದ ಹಿಂದೆ ಅಪಘಾತವಾಗಿ ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ತೀರಿಕೊಂಡ. ಆಮೇಲಿಂದ ರಾತ್ರಿ ಕುಡಿಯದೆ ಮಲಗುವುದಿಲ್ಲ. ಬ್ರೇಕ್ ಸದ್ದಿಗೆ ಬೆಚ್ಚಿಬೀಳುತ್ತಾರೆ, ಆ ದಾರಿಯ ಬಾಡಿಗೆ ಬಂದರೆ ಒಪ್ಪುವುದಿಲ್ಲ. ತೋರಿಸಿದ ಡಾಕ್ಟರು "ಮೊದಲು ಕುಡಿತ ಬಿಡಲಿ, ಮನಸ್ಸಿನದು ಆಮೇಲೆ ನೋಡೋಣ" ಎಂದರು. ಬಿಡಲು ಹೋದರೆ ಕೆಟ್ಟ ಕನಸು ಹೆಚ್ಚಾಗಿ ಮತ್ತೆ ಕುಡಿಯುತ್ತಾರೆ. ಯಾವುದು ಮೊದಲು?

ಉತ್ತರ: ಎರಡೂ ಒಟ್ಟಿಗೆ. "ಮೊದಲು ಕುಡಿತ" ಎನ್ನುವುದು ಬಹಳ ಕಾಲ ನಡೆದುಬಂದ ಪದ್ಧತಿ. ಆಘಾತದ ನೆನಪನ್ನು ಕೆದಕಿದರೆ ಕುಡಿತ ಇನ್ನೂ ಹೆಚ್ಚೀತು ಎಂಬ ಅಂಜಿಕೆ ಅದರ ಹಿಂದಿತ್ತು. ಈ ಅಂಜಿಕೆಯನ್ನು ಸಂಶೋಧಕರು ಪರೀಕ್ಷೆಗೆ ಒಡ್ಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಕ್ಯಾಥರೀನ್ ಮಿಲ್ಸ್ ಮತ್ತು ಸಂಗಡಿಗರು ಆಘಾತ, ಚಟ ಎರಡೂ ತೊಂದರೆ ಇದ್ದವರಿಗೆ ಸೇರಿಸಿಯೇ ಚಿಕಿತ್ಸೆ ಕೊಟ್ಟು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರ ಆಘಾತದ ಲಕ್ಷಣಗಳು ಹೆಚ್ಚು ಇಳಿದಿದ್ದವು. ಚಟ ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇಳಿದಿತ್ತು, ಏರಿರಲಿಲ್ಲ. ಅಂದರೆ ಈ ಚಿಕಿತ್ಸೆ ಕುಡಿತಕ್ಕೆ ರಾಮಬಾಣವಲ್ಲ. ಆದರೆ ನೆನಪನ್ನು ಮುಟ್ಟಿದರೆ ಕುಡಿತ ಕೆರಳುತ್ತದೆ ಎಂದು ಕಾಯುತ್ತ ಕೂರುವುದಕ್ಕೆ ಆಧಾರವೂ ಇಲ್ಲ.

ಕನಸು ಹೆಚ್ಚಾಗುವುದಕ್ಕೆ ಕಾರಣವಿದೆ. ಕನಸು ಬೀಳುವ ಹಂತದ ನಿದ್ರೆಯನ್ನು ಮದ್ಯ ಅದುಮಿಡುತ್ತದೆ. ಬಿಟ್ಟ ಮೊದಲ ರಾತ್ರಿಗಳಲ್ಲಿ ಆ ಹಂತ ಇನ್ನೂ ಜೋರಾಗಿ ಮರಳುತ್ತದೆ. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಇದು ತಹಬಂದಿಗೆ ಬರುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ "ಕುಡಿತವೇ ನನಗೆ ಔಷಧಿ" ಎಂದು ಅವರು ತೀರ್ಮಾನಿಸುವುದು ಸಹಜ. ಅದರಲ್ಲಿ ಅರ್ಧ ಸತ್ಯವೂ ಉಂಟು. ನೋವಿಗೆ ತಾನೇ ಮದ್ದು ಮಾಡಿಕೊಳ್ಳಲು ಮನುಷ್ಯ ಚಟಕ್ಕೆ ಬೀಳುತ್ತಾನೆ ಎಂದು ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ವಾದಿಸಿದ್ದರು. ಉಳಿದರ್ಧವನ್ನು ಕುಡಿಯುವವರು ಕಾಣುವುದಿಲ್ಲ: ಅಮಲು ಇಳಿಯುವಾಗ ಬೆಳಗಿನ ಜಾವ ಎದೆ ಡವಗುಟ್ಟಿ, ಬೆವತು, ಬೆಚ್ಚಿ ಏಳುವುದು ಆ ಮದ್ಯದ್ದೇ ಫಲ. ಅದೇ ಭಯಕ್ಕೆ ಸಂಜೆ ಮತ್ತೆ ಬಾಟಲಿ.

ಮೊದಲ ವಾರ ಲೆಕ್ಕ ಬರೆಯಿರಿ. ಯಾವ ಹೊತ್ತು, ಎಷ್ಟು, ಅದಕ್ಕೆ ಮುಂಚೆ ಏನಾಗಿತ್ತು. ವಿಸ್ಕಿ, ರಮ್, ಬ್ರಾಂದಿ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ, ಅದು ಒಂದು ಅಳತೆ. ನೈಂಟಿ ಎಂದರೆ ಮೂರು ಅಳತೆ, ಕ್ವಾರ್ಟರ್ ಎಂದರೆ ಆರು. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲಿ ನಾಲ್ಕು ಅಳತೆ, ಆದ್ದರಿಂದ "ಬರೀ ಬಿಯರ್" ಎಂಬ ಮಾತಿಗೆ ಬೆಲೆ ಕೊಡಬೇಡಿ. ಈ ಹಾಳೆ ಹಿಡಿದು ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ವ್ಯವಸ್ಥೆಯೂ ಇದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಹೋದಾಗ ಕುಡಿತದ ಸಂಗತಿಯಷ್ಟೇ ಅಲ್ಲ, ಅಪಘಾತದ ಸಂಗತಿಯನ್ನೂ ನೀವೇ ಬಾಯಿಬಿಟ್ಟು ಹೇಳಿ. ಯಾರೂ ಕೇಳದೆ ಬಿಟ್ಟುಹೋಗುವುದು ಅದೇ.

ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆ 90 ನಿಮಿಷದಂತೆ 12-13 ಸಲ ನಡೆಯುತ್ತದೆ. ಮೊದಲು ಕುಡಿಯಬೇಕೆನ್ನುವ ಸೆಳೆತ ಬಂದಾಗ ಏನು ಮಾಡಬೇಕೆಂಬ ಅಭ್ಯಾಸ. ಬಳಿಕ ಅಪಘಾತದ ನೆನಪನ್ನು ಚಿಕಿತ್ಸಕರ ಎದುರು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳುವುದು. ಇದನ್ನು ಮನೆಯಲ್ಲಿ ನೀವು ಮಾಡಿಸಲು ಹೋಗಬೇಡಿ. ನೀವು ಜೊತೆ ಕೊಡಬಹುದಾದದ್ದು ಇನ್ನೊಂದು ಭಾಗಕ್ಕೆ, ಅಂದರೆ ತಪ್ಪಿಸಿಕೊಳ್ಳುತ್ತಿರುವ ಜಾಗಗಳಿಗೆ ಹಂತಹಂತವಾಗಿ ಮರಳುವುದಕ್ಕೆ. ನಿಂತ ಲಾರಿಯಲ್ಲಿ ಎಂಜಿನ್ ಆಫ್ ಮಾಡಿ ಕೂರುವುದು, ಆಮೇಲೆ ಎಂಜಿನ್ ಹಾಕಿ ಕೂರುವುದು, ಹಗಲಲ್ಲಿ ಒಂದು ಕಿಲೋಮೀಟರ್ ಓಡಿಸುವುದು, ಆ ಜಾಗವನ್ನು ಬಸ್ಸಿನಲ್ಲಿ ಹಾಯುವುದು, ಕೊನೆಗೆ ತಾವೇ ಓಡಿಸಿಕೊಂಡು ಹೋಗುವುದು. ಪ್ರತಿ ಹಂತದಲ್ಲೂ ಭಯಕ್ಕೆ 0ಯಿಂದ 100ರೊಳಗೆ ಅಂಕ ಕೊಡಲಿ, ಅಂಕ ಸುಮಾರು ಅರ್ಧಕ್ಕೆ ಇಳಿಯುವವರೆಗೆ ಜಾಗ ಬಿಡಬಾರದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯಬಹುದು. ಕೆಡುವುದು ಮೂರು ಕಡೆ: ಎರಡು ಹಂತ ಒಟ್ಟಿಗೆ ಹಾರುವುದು, ಭಯ ಏರಿದಾಗಲೇ ಇಳಿದು ಓಡುವುದು, ಹೊರಡುವ ಮುಂಚೆ ಧೈರ್ಯಕ್ಕೆಂದು ಒಂದು ಗುಟುಕು ಹಾಕುವುದು. ಮೂರನೆಯದಂತೂ ಅಪಾಯದ ಜೊತೆಗೆ ವ್ಯರ್ಥ, ಏಕೆಂದರೆ ಏನೂ ಆಗಲಿಲ್ಲ ಎಂಬ ಪಾಠದ ಯಶಸ್ಸು ಮದ್ಯದ ಪಾಲಾಗುತ್ತದೆ.

ಸರ್ಟ್ರಲೀನ್‌ನಂಥ ಖಿನ್ನತೆ, ಆತಂಕ ತಗ್ಗಿಸುವ ಮಾತ್ರೆ ಕೊಟ್ಟರೆ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಹತ್ತು ದಿನಕ್ಕೇ ಕೈಬಿಡಬೇಡಿ. ಅಲ್ಲಿಯವರೆಗೆ ರಾತ್ರಿ ಬಾಡಿಗೆ ಬೇಡ.

ಪ್ರಶ್ನೆ: ಅಪ್ಪ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಾರೆ, ಬೆಳಿಗ್ಗೆ ಎದ್ದ ತಕ್ಷಣ ಬೇಕು. ದೀಪಾವಳಿ ರಜೆಯಲ್ಲಿ ಮೂರು ದಿನ ಮನೆಯಲ್ಲೇ ಕೂಡಿಹಾಕಿ ಬಿಡಿಸೋಣ ಎನ್ನುತ್ತಾನೆ ಅಣ್ಣ. ಸರಿಯೇ?

ಉತ್ತರ: ಬೇಡವೇ ಬೇಡ. ಬೆಳಿಗ್ಗೆ ಕುಡಿದ ಮೇಲೇ ಕೈ ನಡುಕ ನಿಲ್ಲುವಂಥವರು ಒಮ್ಮೆಗೇ ಬಿಟ್ಟರೆ ಜೀವಕ್ಕೇ ಕುತ್ತು. ಕೊನೆಯ ಗುಟುಕಿನ ನಂತರ ಆರು ಗಂಟೆಯಿಂದ ಒಂದು ದಿನದೊಳಗೆ ನಡುಕ, ಬೆವರು, ವಾಂತಿ, ಗಾಬರಿ. ಆರರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಹೊತ್ತುಗೊತ್ತು ತಿಳಿಯದೆ, ಗೋಡೆ ಮೇಲೆ ಹುಳು ಹರಿಯುವುದು ಕಂಡು, ಜ್ವರವೇರಿ ಒದ್ದಾಡುವ ಸನ್ನಿಯ ಸ್ಥಿತಿ. ನೀವು ಕೂಡಿಹಾಕಬೇಕೆಂದಿರುವ ಮೂರು ದಿನ ಎಂದರೆ ಇದೇ ಮೂರು ದಿನ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ, ವಯಸ್ಸಾಗಿದ್ದರೆ, ಲಿವರ್ ಕೆಟ್ಟಿದ್ದರೆ ಅಪಾಯ ಇನ್ನೂ ಹೆಚ್ಚು.

ಆಸ್ಪತ್ರೆಯಲ್ಲಿ ಡಯಜೆಪಾಮ್ ಅಥವಾ ಕ್ಲೋರ್‌ಡಯಜೆಪಾಕ್ಸೈಡ್ ಎಂಬ ಶಮನಕಾರಿ ಔಷಧಿ ಕೊಟ್ಟು ಅದರ ಪ್ರಮಾಣವನ್ನು ಐದರಿಂದ ಏಳು ದಿನದಲ್ಲಿ ಇಳಿಸುತ್ತಾರೆ, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಜೊತೆಗೆ ಬಿ1 ಜೀವಸತ್ವ, ಅಂದರೆ ಥಯಮಿನ್, ಇಂಜೆಕ್ಷನ್ ರೂಪದಲ್ಲಿ. ಇಲ್ಲೊಂದು ತಪ್ಪು ಪದೇಪದೇ ನಡೆಯುತ್ತದೆ. "ಊಟ ಮಾಡಿಲ್ಲ, ಸುಸ್ತಾಗಿದ್ದಾರೆ" ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಹಾಕಿಸುತ್ತಾರೆ. ಇದ್ದಬದ್ದ ಥಯಮಿನ್ ಆ ಗ್ಲೂಕೋಸ್ ಕರಗಿಸುವುದಕ್ಕೇ ಖರ್ಚಾಗಿ ಮಿದುಳಿಗೆ ಹಾನಿಯಾಗಬಹುದು. ತಬ್ಬಿಬ್ಬು, ತೂರಾಟ, ಕಣ್ಣುಗುಡ್ಡೆಯ ಅಲುಗಾಟ ಅದರ ಗುರುತು. ಗ್ಲೂಕೋಸಿಗೆ ಮುಂಚೆ ಥಯಮಿನ್ ಕೊಡಿ ಎಂದು ನೀವೇ ಕೇಳಿ, ಸಂಕೋಚ ಬೇಡ.

ದಾಖಲಾಗುವ ದಿನದವರೆಗೆ ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಬಾಯಿಗೆ ಚಮಚ ತುರುಕುವುದು, ಕೈಗೆ ಬೀಗದ ಕೈ ಕೊಡುವುದು ಯಾವುದೂ ಬೇಡ. ಊರ ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೂ ಇಂಥವರನ್ನು ಮೊದಲು ವೈದ್ಯರಿಗೆ ತೋರಿಸಿಯೇ ಕಳಿಸಬೇಕು.

ಪ್ರಶ್ನೆ: "ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿದೆ. ಸಾರಿನಲ್ಲಿ ಬೆರೆಸಿ ಕೊಡಬಹುದಂತೆ. ಹೆಂಡತಿಯಾದವಳು ಕೊಟ್ಟರೆ ತಪ್ಪೇನು?

ಉತ್ತರ: ನಿಮ್ಮ ಹತಾಶೆ ಅರ್ಥವಾಗುತ್ತದೆ, ಆದರೆ ಕೊಡಬೇಡಿ. ಪೊಟ್ಟಣದಲ್ಲಿ ಏನಿದೆಯೋ ಗೊತ್ತಿಲ್ಲದ್ದು ಒಂದು ಅಪಾಯ. ಅದರಲ್ಲಿ ಡೈಸಲ್ಫಿರಾಮ್ ಇದ್ದರಂತೂ ದೊಡ್ಡ ಅಪಾಯ. ಮದ್ಯ ದೇಹದಲ್ಲಿ ಕರಗುವ ಹಾದಿಯನ್ನು ಅದು ನಡುವಿನಲ್ಲೇ ತಡೆಯುತ್ತದೆ, ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ರಕ್ತದಲ್ಲಿ ಶೇಖರವಾಗುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು, ಹೃದಯದ ಲಯ ತಪ್ಪಿ ಸಾವೂ ಬರಬಹುದು. ಮಾತ್ರೆ ನುಂಗಿದ್ದೇ ಗೊತ್ತಿಲ್ಲದವರು ಕುಡಿಯದೆ ಇರುತ್ತಾರೆಯೇ? ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪರಿಣಾಮ ಇರುತ್ತದೆ.

ತಿಳಿದು ಒಪ್ಪಿದವರಿಗೆ ಇದೇ ಒಳ್ಳೆಯ ಔಷಧಿ. ಕೊನೆಯ ಕುಡಿತವಾಗಿ ಕನಿಷ್ಠ 12 ಗಂಟೆ ಕಳೆದ ಮೇಲೆ, ಲಿವರ್ ಮತ್ತು ಹೃದಯ ಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ ದಿನಕ್ಕೆ 250 ಮಿಲಿಗ್ರಾಂ. ಹೆಂಡತಿಯ ಎದುರಿಗೇ ನುಂಗುವ ಒಪ್ಪಂದವಾದರೆ ಇನ್ನೂ ಒಳ್ಳೆಯದು. ಇದು ಹೊಂದದವರಿಗೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಮೊದಲನೆಯದು ಟ್ರಮಡಾಲ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಆಗದು, ಎರಡನೆಯದು ಕಿಡ್ನಿ ತೀರಾ ಕೆಟ್ಟವರಿಗೆ ಆಗದು.

ಪ್ರಶ್ನೆ: ನನಗೆ 29. ಐ.ಟಿ. ಕೆಲಸ. ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಇಸಿಜಿ ಸರಿಯಿದೆ. ಎರಡು ವರ್ಷದಿಂದ ಆಲ್ಪ್ರಜೋಲಾಮ್ ಎಂಬ ಆತಂಕದ ಮಾತ್ರೆ, ರಾತ್ರಿ 0.5, ಮೀಟಿಂಗಿಗೆ ಮುಂಚೆ 0.25 ಮಿಲಿಗ್ರಾಂ. ಬಿಟ್ಟರೆ ಮೊದಲಿಗಿಂತ ಜಾಸ್ತಿಯಾಗುತ್ತದೆ. ನನ್ನ ಕಾಯಿಲೆ ಬೆಳೆಯುತ್ತಿದೆಯೇ?

ಉತ್ತರ: ಬೆಳೆಯುತ್ತಿರುವುದು ಬಹುಶಃ ಮಾತ್ರೆಯ ಅವಲಂಬನೆ. ಆಲ್ಪ್ರಜೋಲಾಮ್ ಬೇಗ ಹಿಡಿದು ಬೇಗ ಬಿಡುವ ಔಷಧಿ. ಬಿಡುವಾಗ ಬರುವ ತಳಮಳ ಮೂಲ ಗಾಬರಿಯ ಹಾಗೆಯೇ ಇರುವುದರಿಂದ ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ.

ನಿಮ್ಮ ಪತ್ರದಲ್ಲಿ ಇನ್ನೊಂದು ಎಳೆ ಇದೆ. ಎದೆ ಬಡಿತ ಎಲ್ಲರಿಗೂ ಏರುತ್ತದೆ, ಕೆಲವರು ಮಾತ್ರ ಆ ಬಡಿತಕ್ಕೇ ಹೆದರುತ್ತಾರೆ. ಭಯದ ಲಕ್ಷಣಗಳಿಗೆ ಹೆದರುವ ಈ ಸ್ವಭಾವವನ್ನು ಅಳೆಯಲು 18 ಪ್ರಶ್ನೆಗಳ ಪಟ್ಟಿಯಿದೆ, ಒಂದೊಂದಕ್ಕೂ 0ಯಿಂದ 4 ಅಂಕ. ಮೂರು ಬಗೆಯ ಹೆದರಿಕೆ ಅದರಲ್ಲಿ ಸಿಗುತ್ತದೆ: ದೇಹಕ್ಕೆ ಏನೋ ಆಗುತ್ತದೆ, ತಲೆ ಕೆಡುತ್ತದೆ, ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ. ಆಘಾತ, ಆತಂಕ, ಚಟ ಮೂರನ್ನೂ ಬೆಸೆಯುವ ಕೊಂಡಿ ಹುಡುಕುವ ಸಂಶೋಧಕರು ಪದೇಪದೇ ಬಂದು ನಿಲ್ಲುವುದು ಇಲ್ಲಿಗೆ. ಇದು ಹೆಚ್ಚಿರುವವರು ಲಕ್ಷಣವನ್ನು ತಕ್ಷಣ ಅಡಗಿಸುವ ಏನನ್ನಾದರೂ ಬಯಸುತ್ತಾರೆ. ಒಬ್ಬರಿಗೆ ಪೆಗ್, ಒಬ್ಬರಿಗೆ ಸಿಗರೇಟು, ನಿಮಗೆ ಮಾತ್ರೆ.

ಒಳ್ಳೆಯ ಸುದ್ದಿಯೆಂದರೆ ಈ ಸ್ವಭಾವ ತರಬೇತಿಗೆ ಬಗ್ಗುತ್ತದೆ. ಹೆದರಿಸುವ ಲಕ್ಷಣವನ್ನು ಬೇಕೆಂದೇ ತರಿಸಿಕೊಳ್ಳುವುದು ಅದರ ದಾರಿ. ಒಂದು ನಿಮಿಷ ಜೋರಾಗಿ, ವೇಗವಾಗಿ ಉಸಿರಾಡುವುದು, ತಲೆ ಹಗುರಾಗುತ್ತದೆ. ಮೂಗು ಹಿಡಿದು ಸಪೂರ ಸ್ಟ್ರಾದಲ್ಲಿ ಎರಡು ನಿಮಿಷ ಉಸಿರಾಡುವುದು, ಉಸಿರು ಕಟ್ಟಿದಂತಾಗುತ್ತದೆ. ತಿರುಗು ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು. ನಿಂತಲ್ಲೇ ಒಂದು ನಿಮಿಷ ಓಡುವುದು. ಪ್ರತಿ ಸಲ ಲಕ್ಷಣ ಎಷ್ಟು, ಭಯ ಎಷ್ಟು ಎಂದು ಬೇರೆಬೇರೆ ಅಂಕ ಹಾಕಿ. ಕೆಲವು ಸರದಿಯ ನಂತರ ಲಕ್ಷಣ ಅಷ್ಟೇ ಇದ್ದು ಭಯ ಮಾತ್ರ ಇಳಿಯುತ್ತದೆ, ಬೇಕಾದದ್ದು ಅದೇ. ನಡುವೆ ನಿಲ್ಲಿಸಿ ನೀರು ಕುಡಿಯುವುದು, ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡು ಮಾಡುವುದು ಅಭ್ಯಾಸವನ್ನು ಕೆಡಿಸುತ್ತದೆ. ಹೃದ್ರೋಗ, ಆಸ್ತಮಾ, ಫಿಟ್ಸ್ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಕಾಫಿ ಎಷ್ಟು ಲೋಟ ಎಂದೂ ಎಣಿಸಿ.

ಮಾತ್ರೆಯನ್ನು ಒಂದೇ ಸಲ ಬಿಡಬೇಡಿ, ಫಿಟ್ಸ್ ಬರಬಹುದು. ನಿಧಾನವಾಗಿ ಇಳಿಯುವ ಡಯಜೆಪಾಮ್‌ಗೆ ಬದಲಿಸಿ, ಎರಡು ವಾರಕ್ಕೊಮ್ಮೆ ಸುಮಾರು ಹತ್ತನೇ ಒಂದು ಪಾಲು ಕಡಿಮೆ ಮಾಡುತ್ತ ಹೋಗುವುದು ಒಂದು ಕ್ರಮ. ಇದನ್ನು ಮನೋವೈದ್ಯರೇ ಲೆಕ್ಕ ಹಾಕಿ ಕೊಡಬೇಕು. ಕೊನೆಯ ಕಾಲು ಭಾಗ ಇಳಿಸುವುದೇ ಹೆಚ್ಚು ಕಷ್ಟ, ಅಲ್ಲಿ ಅವಸರ ಬೇಡ. ಮೊದಲು ನಿಲ್ಲಬೇಕಾದದ್ದು ಮೀಟಿಂಗಿನ ಮುಂಚಿನ ಮಾತ್ರೆ. ಈ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟವೇ ನಿಲ್ಲಬಹುದು.

ಪ್ರಶ್ನೆ: ಸಿಗರೇಟು ಬಿಟ್ಟರೆ ಟೆನ್ಷನ್ ಹೆಚ್ಚಾಗುತ್ತದಲ್ಲ?

ಉತ್ತರ: ಎರಡು ಮೂರನೇ ದಿನ ಅತಿ ಹೆಚ್ಚು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆಮೇಲೆ ಸೇದುತ್ತಿದ್ದ ದಿನಗಳಿಗಿಂತಲೂ ಆತಂಕ ಕಡಿಮೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯೂ ಇದನ್ನೇ ಹೇಳಿತು. ಸಿಗರೇಟು ತಣಿಸುವ ಟೆನ್ಷನ್ನಿನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟು ಹುಟ್ಟಿಸಿದ್ದು. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್, ಉಳಿದವರಿಗೆ 2. ಅದನ್ನು ಬಬಲ್‌ಗಮ್ಮಿನಂತೆ ಜಗಿಯುತ್ತಲೇ ಇದ್ದರೆ ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತದೆ. ನಾಲ್ಕಾರು ಸಲ ಜಗಿದು, ಖಾರವೆನಿಸಿದಾಗ ದವಡೆ ಸಂದಿಯಲ್ಲಿಟ್ಟು, ಖಾರ ಹೋದ ಮೇಲೆ ಮತ್ತೆ ಜಗಿಯಬೇಕು.

ಪ್ರಶ್ನೆ: ನಮ್ಮ ಕಡೆ ಗುಡ್ಡ ಕುಸಿದು ಮನೆಗಳು ಹೋದವು. ಪರಿಹಾರ ಕೇಂದ್ರದಲ್ಲಿ ಎಲ್ಲರನ್ನೂ ಕೂರಿಸಿ ಅನುಭವ ಹೇಳಿಸಬೇಕು ಎಂದು ಸ್ವಯಂಸೇವಕರು ಹೇಳುತ್ತಾರೆ. ಹಿರಿಯರು "ಸ್ವಲ್ಪ ಕುಡಿದು ಮಲಗಲಿ" ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಘಟನೆ ನಡೆದ ಬೆನ್ನಿಗೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಕ್ರಮದಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಅಧ್ಯಯನಗಳ ಪರಾಮರ್ಶೆ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡು, ಆಲಿಸು, ಜೋಡಿಸು. ಯಾರಿಗೆ ತುರ್ತು ನೆರವು ಬೇಕೆಂದು ನೋಡುವುದು, ಹೇಳಬಯಸುವವರ ಮಾತನ್ನು ಕೇಳುವುದು, ಬಂಧುಗಳಿಗೂ ಆಹಾರಕ್ಕೂ ಪರಿಹಾರದ ಅರ್ಜಿಗೂ ದಾರಿ ಮಾಡಿಕೊಡುವುದು. ಅರ್ಜಿ ತುಂಬಿಸಿಕೊಡುವುದೂ ಮಾನಸಿಕ ಚಿಕಿತ್ಸೆಯೇ ಎಂದರೆ ಅತಿಶಯವಲ್ಲ.

ಮೊದಲ ವಾರಗಳ ನಿದ್ರೆಗೇಡು, ಬೆಚ್ಚಿಬೀಳುವಿಕೆ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಹಾಗೇ ಇದ್ದರೆ, ಕೆಲಸ ಮಾಡಲಾಗದಿದ್ದರೆ, ಕುಡಿತ ಏರುತ್ತಿದ್ದರೆ ತೋರಿಸಬೇಕು. ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತಾಡುವವರಿದ್ದರೆ ತಿಂಗಳು ಕಾಯಬೇಡಿ, ಅಂದೇ ಕರೆ ಮಾಡಿ.

ಪ್ರಶ್ನೆ: ಎಂ.ಎಸ್ಸಿ. ಮನೋವಿಜ್ಞಾನ ವಿದ್ಯಾರ್ಥಿನಿ. ವ್ಯಸನಮುಕ್ತಿ ಕೇಂದ್ರದಲ್ಲಿ ಆಘಾತ ಮತ್ತು ಕುಡಿತದ ಸಂಬಂಧದ ಮೇಲೆ ಕಿರುಪ್ರಬಂಧ ಮಾಡಬೇಕೆಂದಿದ್ದೇನೆ. ಯಾವ ಮಾಪನ ಬಳಸಲಿ, ಎಲ್ಲಿ ಎಡವುತ್ತಾರೆ?

ಉತ್ತರ: ಕುಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್: 10 ಪ್ರಶ್ನೆ, 40 ಅಂಕ, 8ರಿಂದ ಎಚ್ಚರ, 20 ಮತ್ತು ಮೇಲೆ ಅವಲಂಬನೆಯ ಶಂಕೆ. ಆಘಾತದ ಲಕ್ಷಣಕ್ಕೆ ಪಿಸಿಎಲ್-5: 20 ಪ್ರಶ್ನೆ, 80 ಅಂಕ, 31ರಿಂದ 33ರ ಆಸುಪಾಸು ಗೆರೆ. ಆತಂಕಕ್ಕೆ ಜಿಎಡಿ-7: 21 ಅಂಕ, 10 ಮತ್ತು ಮೇಲೆ ಗಮನಾರ್ಹ. ದಿನದಿನದ ಕುಡಿತಕ್ಕೆ ಕ್ಯಾಲೆಂಡರ್ ಮುಂದಿಟ್ಟು ಹಬ್ಬ, ಸಂಬಳದ ದಿನ, ಮದುವೆ ನೆನಪಿಸುತ್ತ 90 ದಿನ ಹಿಂದಕ್ಕೆ ಹೋಗುವ ವಿಧಾನ "ಸಾಮಾನ್ಯವಾಗಿ ಎಷ್ಟು?" ಎಂಬ ಪ್ರಶ್ನೆಗಿಂತ ಎಷ್ಟೋ ಮೇಲು.

ಎಡವುವುದು ಹೆಚ್ಚಾಗಿ ಸಮಯದಲ್ಲಿ. ದಾಖಲಾದ ಮೂರನೇ ದಿನ ಪ್ರಶ್ನಾವಳಿ ಕೊಟ್ಟರೆ ನೀವು ಅಳೆಯುವುದು ಮದ್ಯ ಬಿಟ್ಟ ತಳಮಳವನ್ನು. ನಿದ್ರೆಗೇಡು, ಸಿಡುಕು, ಬೆಚ್ಚಿಬೀಳುವುದು ಮದ್ಯ ಬಿಟ್ಟ ಲಕ್ಷಣಗಳಲ್ಲೂ ಆಘಾತದ ಲಕ್ಷಣಗಳಲ್ಲೂ ಇವೆ. ಸಾಧ್ಯವಾದರೆ ಎರಡರಿಂದ ನಾಲ್ಕು ವಾರ ಕಳೆದವರನ್ನು ತೆಗೆದುಕೊಳ್ಳಿ, ಇಲ್ಲವೇ ಕೊನೆಯ ಕುಡಿತದಿಂದ ಎಷ್ಟು ದಿನ ಎಂಬುದನ್ನು ದಾಖಲಿಸಿ ವಿಶ್ಲೇಷಣೆಯಲ್ಲಿ ಸೇರಿಸಿ. ಎರಡನೆಯದು, ಪಿಸಿಎಲ್-5 ಮಾತ್ರ ಕೊಟ್ಟು ಘಟನೆ ಯಾವುದೆಂದು ಕೇಳದಿರುವುದು. ಸಾಲ, ವಿಚ್ಛೇದನ ನೋವಿನವೇ, ಆದರೂ ಪಿಸಿಎಲ್-5 ಅಳೆಯುವ ಆಘಾತೋತ್ತರ ಒತ್ತಡದ ಕಾಯಿಲೆಯ (ಪಿಟಿಎಸ್‌ಡಿ) ವ್ಯಾಖ್ಯೆಗೆ ಜೀವಾಪಾಯ, ತೀವ್ರ ಗಾಯ ಅಥವಾ ಲೈಂಗಿಕ ಹಿಂಸೆ ಬೇಕು. ಒಂದೇ ಸಲ ಅಳೆದು "ಆಘಾತದಿಂದ ಕುಡಿತ ಬಂತು" ಎಂದು ಬರೆಯುವುದು ಮೂರನೆಯದು, ಅದನ್ನು ನಿಮ್ಮ ಮಾಹಿತಿ ಹೇಳಲಾರದು.

ಕೇಂದ್ರದ ಸಿಬ್ಬಂದಿ ಎದುರು ಸಂದರ್ಶನ ಬೇಡ, ಉತ್ತರ ಅವರಿಗೆ ಬೇಕಾದಂತೆ ಬರುತ್ತದೆ. ನಿರಾಕರಿಸಿದರೆ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ನೈತಿಕ ಸಮಿತಿಯ ಒಪ್ಪಿಗೆಗೆ ಎರಡು ಮೂರು ತಿಂಗಳು ಬಿಟ್ಟುಕೊಳ್ಳಿ. ಉತ್ತರಿಸುತ್ತ ಯಾರಾದರೂ ಕುಸಿದರೆ ಆ ಹೊತ್ತಿಗೆ ಯಾರನ್ನು ಕರೆಯುತ್ತೀರಿ ಎಂಬುದು ಮೊದಲ ಸಂದರ್ಶನಕ್ಕೆ ಮುಂಚೆಯೇ ಹೆಸರು, ಫೋನ್ ನಂಬರ್ ಸಮೇತ ಬರೆದಿರಬೇಕು.

ಪ್ರಶ್ನೆ: ನಾನು ಪೊಲೀಸ್ ಕಾನ್‌ಸ್ಟೇಬಲ್. ಶವಗಳನ್ನು ನೋಡಿ ನೋಡಿ ನಿದ್ರೆ ಹೋಗಿದೆ, ಕುಡಿತ ಹತ್ತಿದೆ. ಆಸ್ಪತ್ರೆಗೆ ಹೋದರೆ ಇಲಾಖೆಗೆ ತಿಳಿಯುತ್ತದೆಯೇ?

ಉತ್ತರ: ನಿಮ್ಮ ಒಪ್ಪಿಗೆಯಿಲ್ಲದೆ ಚಿಕಿತ್ಸೆಯ ವಿವರ ಹೊರಗೆ ಹೋಗುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಮದ್ಯ, ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಯಾರದಾದರೂ ಜೀವಕ್ಕೆ ಅಪಾಯ, ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ರಜೆಗೆ ಪ್ರಮಾಣಪತ್ರ ಬೇಕಾದರೆ ಅದರಲ್ಲಿ ಏನು ಬರೆಯುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಬಳಿ ಸರ್ವಿಸ್ ಬಂದೂಕು ಇರುತ್ತದೆಯೇ ಎಂಬುದನ್ನು ವೈದ್ಯರಿಂದ ಮಾತ್ರ ಮುಚ್ಚಿಡಬೇಡಿ. ಕುಡಿತ, ನಿದ್ರೆಗೇಡು, ಕೈಯಲ್ಲಿ ಆಯುಧ ಒಂದೆಡೆ ಸೇರಿದಾಗ ಕೆಲವು ವಾರ ಆಯುಧವಿಲ್ಲದ ಕರ್ತವ್ಯ ಕೇಳಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗ.